ಕಾರು ಓಡಿಸುತ್ತಿದ್ದವರು ಯಾರು?

ಕಳೆದ ಮಳೆಗಾಲದ ಒಂದು ಭಾನುವಾರ ಎರಡನೆಯ ಬಲಿಪೂಜೆಯನ್ನು ಮುಗಿಸಿ ಗುರುನಿವಾಸಕ್ಕೆ ಹಿಂದಿರುಗಿದಾಗ ಜಗಲಿಯಲ್ಲಿ ಮೂವರು ನನಗಾಗಿ ಕಾದು ಕುಳಿತಿದ್ದರು. ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ, ಆಕೆಯ ತಮ್ಮ, ಮತ್ತು ದ್ವಿತೀಯ ಪಿಯುಸಿಯಲ್ಲಿ ಓದುತ್ತಿರುವ ಆಕೆಯ ಹದಿನೇಳು ವರ್ಷದ ಮಗ. ಹುಡುಗನ ತಂದೆ ಕೊಲ್ಲಿ ರಾಷ್ಟ್ರವೊಂದರಲ್ಲಿ ದುಡಿಯುತ್ತಿದ್ದಾರೆ. ಅವರು ಬಂದುದು ಪಾಪನಿವೇದನೆಗಲ್ಲ, ಸಲಹೆಗಾಗಿ. ಹೆಸರು, ಗುರುತು ತಿಳಿಯದಂತೆ ಈ ಸಂಗತಿಯನ್ನು ಬರೆಯಲು ಅವರು ಒಪ್ಪಿಗೆ ನೀಡಿದ್ದಾರೆ. ಬೇರೆ ಮನೆಯವರಿಗೂ ಉಪಯೋಗವಾಗಲಿ ಎಂಬುದು ಆ ತಾಯಿಯ ಮಾತು.

ಸಂಗತಿ ದೊಡ್ಡದೇನಲ್ಲ. ಅಜ್ಜಿಯ ರಕ್ತದೊತ್ತಡದ ಮಾತ್ರೆ ಮುಗಿದಿತ್ತು. ಹೊರಗೆ ಜಡಿಮಳೆ. ಮೆಡಿಕಲ್ ಶಾಪ್ ಇರುವುದು ಎರಡು ಕಿಲೋಮೀಟರ್ ದೂರದಲ್ಲಿ. ಹುಡುಗ ಕಾರಿನ ಕೀಲಿ ಹಿಡಿದು ನಿಂತಾಗ ತಾಯಿ ಬೇಡವೆನ್ನಲಿಲ್ಲ. ಜಾಗ್ರತೆಯಿಂದ ಹೋಗಿ ಬಾ ಎಂದರು. ಹೋದ, ಮಾತ್ರೆ ತಂದ. ಹಿಂದಿರುಗುವಾಗ ಮನೆಯ ಗೇಟಿನಲ್ಲಿ ತಿರುವು ತಪ್ಪಿ, ಕಾರಿನ ಎಡಗಡೆಯ ಮುಂಭಾಗ ಕೆಂಪುಕಲ್ಲಿನ ಕಂಬಕ್ಕೆ ಬಡಿಯಿತು. ಬಂಪರು ಒಡೆಯಿತು, ಮಡ್‌ಗಾರ್ಡು ನಜ್ಜುಗುಜ್ಜಾಯಿತು, ಕಂಬದ ಮೇಲಿನ ನಾಲ್ಕು ಕಲ್ಲು ಉರುಳಿದವು. ಯಾರಿಗೂ ಗಾಯವಾಗಲಿಲ್ಲ. ಪಕ್ಕದ ಮನೆಯ ಮಗು ಪ್ರತಿ ಸಂಜೆ ಸೈಕಲ್ ಆಡುವುದು ಅದೇ ಗೇಟಿನ ಎದುರು. ಅಂದು ಮಳೆಯಿದ್ದುದರಿಂದ ಅದು ಒಳಗಿತ್ತು. ಈ ಮಾತನ್ನು ಹೇಳುವಾಗ ತಾಯಿಯ ಸ್ವರ ನಡುಗಿತು.

ಗ್ಯಾರೇಜಿನವರು 14,000 ರೂಪಾಯಿಯ ಅಂದಾಜು ಪಟ್ಟಿ ಕೊಟ್ಟರು. ವಿಮೆ ಇದೆಯಲ್ಲ, ಕ್ಲೇಮು ಹಾಕಿಬಿಡಿ ಎಂದರು. ಕ್ಲೇಮಿನ ಅರ್ಜಿಯಲ್ಲಿ ಒಂದು ಕಲಂ ಇರುತ್ತದೆ: ಅಪಘಾತದ ವೇಳೆ ವಾಹನವನ್ನು ಚಲಾಯಿಸುತ್ತಿದ್ದವರ ಹೆಸರು ಮತ್ತು ಲೈಸೆನ್ಸ್ ಸಂಖ್ಯೆ. ಹುಡುಗನಿಗೆ ಲೈಸೆನ್ಸ್ ಇಲ್ಲ, ಇರುವುದಕ್ಕೆ ವಯಸ್ಸೂ ಇಲ್ಲ. ತಂದೆಯ ಹೆಸರು ಬರೆಯೋಣವೆಂದರೆ ಅವರು ಸಮುದ್ರದಾಚೆ ಇದ್ದಾರೆ. ಆದುದರಿಂದ ಸೋದರಮಾವ ಮುಂದೆ ಬಂದಿದ್ದರು. ಅವರ ಲೈಸೆನ್ಸಿನ ಜೆರಾಕ್ಸ್ ಪ್ರತಿ ಆಗಲೇ ಕವರಿನಲ್ಲಿತ್ತು.

“ಫಾದರ್, ಇದರಲ್ಲಿ ಯಾರಿಗೆ ನಷ್ಟ ಹೇಳಿ? ವರ್ಷ ವರ್ಷ ಕಂತು ಕಟ್ಟಿದ್ದೇವೆ. ನಾನೇ ಓಡಿಸುತ್ತಿದ್ದೆನೆಂದು ಬರೆದರೆ ಆಯಿತು. ಅಕ್ಕನಿಗೆ ಸುಮ್ಮನೆ ಹೆದರಿಕೆ” ಎಂದರು ಅವರು. ಅಕ್ಕನ ಹೆದರಿಕೆ ಬೇರೆಯೇ ಇತ್ತು. ವಿಮೆಯ ಹಣ ಬಂದರೆ ಗಂಡನಿಗೆ ವಿಷಯ ತಿಳಿಸದೆಯೇ ಮುಗಿಸಬಹುದೆಂದು ಆಕೆ ಆಶಿಸಿದ್ದರು, ಆ ಆಶೆಯ ಬಗ್ಗೆ ಆಕೆಗೇ ಸಮಾಧಾನವಿರಲಿಲ್ಲ.

ಅಷ್ಟರವರೆಗೆ ತಲೆತಗ್ಗಿಸಿ ಕುಳಿತಿದ್ದ ಹುಡುಗ ಆಗ ಕೇಳಿದ: “ಫಾದರ್, ಕಂಪನಿಯಿಂದ ಯಾರಾದರೂ ಬಂದು ವಿಚಾರಿಸಿದರೆ ನಾನು ಏನು ಹೇಳಬೇಕು?”

ಸೋದರಮಾವ “ನೀನು ಹೊರಗೆ ಬರುವುದೇ ಬೇಡ” ಎಂದರು. ಹುಡುಗನ ಕಣ್ಣು ಮಾತ್ರ ನನ್ನ ಮುಖವನ್ನು ಬಿಡಲಿಲ್ಲ. ಈ ಲೇಖನವನ್ನು ಬರೆಯಲು ಕಾರಣ ಆ ಪ್ರಶ್ನೆ.

ಮೊದಲು ಲೆಕ್ಕ

ಇಂತಹ ಸಂದರ್ಭದಲ್ಲಿ ನಮ್ಮ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಕ್ಲೇಮು ಹಾಕುವುದು ಲಾಭವೋ ನಷ್ಟವೋ ಎಂಬುದು ಒಂದು. ನಡೆದುದನ್ನು ನಡೆದಂತೆ ಹೇಳುತ್ತೇವೆಯೋ ಇಲ್ಲವೋ ಎಂಬುದು ಇನ್ನೊಂದು. ಮೊದಲನೆಯದು ಲೆಕ್ಕದ ವಿಷಯ, ಎರಡನೆಯದು ಆತ್ಮಸಾಕ್ಷಿಯ ವಿಷಯ. ಇವೆರಡನ್ನೂ ಕಲಸಿದಾಗಲೇ ಮನೆಯಲ್ಲಿ ಗೊಂದಲ ಹುಟ್ಟುತ್ತದೆ. ಆದುದರಿಂದ ಲೆಕ್ಕವನ್ನು ಮೊದಲು ಮುಗಿಸೋಣ.

ವಾಹನದ ವಿಮೆಯಲ್ಲಿ ಎರಡು ಭಾಗಗಳಿವೆ. ನಮ್ಮ ವಾಹನದಿಂದ ಇತರರಿಗೆ ಆಗುವ ಹಾನಿಗೆ ಸಂಬಂಧಿಸಿದ ‘ಥರ್ಡ್ ಪಾರ್ಟಿ’ ಭಾಗವನ್ನು 1988ರ ಮೋಟಾರು ವಾಹನ ಕಾಯಿದೆಯ 146ನೆಯ ವಿಧಿ ಕಡ್ಡಾಯಗೊಳಿಸಿದೆ. ನಮ್ಮದೇ ವಾಹನಕ್ಕೆ ಆಗುವ ಹಾನಿಯ ಭಾಗ ಐಚ್ಛಿಕ. ಈ ಎರಡನೆಯ ಭಾಗದ ಕಂತಿನಲ್ಲಿ, ಕ್ಲೇಮು ಹಾಕದೆ ಕಳೆದ ವರ್ಷಗಳಿಗೆ ಪ್ರತಿಫಲವಾಗಿ ರಿಯಾಯಿತಿ ದೊರೆಯುತ್ತದೆ. ಅದನ್ನೇ ‘ನೋ ಕ್ಲೇಮ್ ಬೋನಸ್’ ಎನ್ನುತ್ತಾರೆ. ಒಂದು ವರ್ಷಕ್ಕೆ ಶೇಕಡಾ 20, ಸತತ ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಒಂದೇ ಒಂದು ಸಣ್ಣ ಕ್ಲೇಮು ಹಾಕಿದರೂ, ಬೋನಸ್ಸಿನ ರಕ್ಷಣೆಗೆಂದು ಪ್ರತ್ಯೇಕ ಹಣ ಕಟ್ಟಿರದಿದ್ದರೆ, ಈ ಏಣಿಯಿಂದ ಕೆಳಗಿಳಿದು ಮತ್ತೆ ನೆಲದಿಂದ ಹತ್ತಬೇಕು.

ಆ ಕುಟುಂಬದ ಕಾರು ಐದನೆಯ ವರ್ಷದಲ್ಲಿತ್ತು. ಅವರಿಗೆ ಶೇಕಡಾ 45ರ ರಿಯಾಯಿತಿ ದೊರೆಯುತ್ತಿತ್ತು, ಮುಂದಿನ ವರ್ಷ 50 ಆಗುವುದಿತ್ತು. ರಿಯಾಯಿತಿಯಿಲ್ಲದ ಮೂಲ ಕಂತು 10,000 ರೂಪಾಯಿ ಎಂದು ಲೆಕ್ಕದ ಸುಲಭಕ್ಕಾಗಿ ಇಟ್ಟುಕೊಳ್ಳೋಣ. ಕ್ಲೇಮು ಹಾಕದಿದ್ದರೆ ಮುಂದಿನ ಪ್ರತಿ ವರ್ಷ 5,000 ಕಟ್ಟಿದರೆ ಸಾಕು. ಕ್ಲೇಮು ಹಾಕಿದರೆ ಮೊದಲ ವರ್ಷ ಪೂರ್ತಿ 10,000, ಅನಂತರ ಕ್ರಮವಾಗಿ 8,000, 7,500, 6,500, 5,500. ಐದು ವರ್ಷಗಳಲ್ಲಿ ಹೆಚ್ಚಾಗಿ ತೆರಬೇಕಾದ ಮೊತ್ತ 12,500 ರೂಪಾಯಿ. ವಾಹನ ಹಳೆಯದಾದಂತೆ ಮೂಲ ಕಂತು ಇಳಿಯಬಹುದು, ಆಗ ಈ ಮೊತ್ತವೂ ಸ್ವಲ್ಪ ಇಳಿಯುತ್ತದೆ.

ಇನ್ನು ಕೈಗೆ ಬರುವುದೆಷ್ಟು? ಗ್ಯಾರೇಜಿನ ಪಟ್ಟಿಯಲ್ಲಿ ಬಂಪರಿಗೆ 5,000, ಮಡ್‌ಗಾರ್ಡಿಗೆ 4,000, ಬಣ್ಣಕ್ಕೆ 3,200, ಕೂಲಿಗೆ 1,800 ಇತ್ತು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರಿನ ಭಾಗಗಳಿಗೆ ಸವಕಳಿಯೆಂದು ಅರ್ಧ ಬೆಲೆಯನ್ನು ಕಳೆಯುತ್ತಾರೆ. ಐದನೆಯ ವರ್ಷದ ವಾಹನದ ಲೋಹದ ಭಾಗಕ್ಕೆ ಶೇಕಡಾ 35 ಕಳೆಯುತ್ತಾರೆ. ಒಟ್ಟು ಬಿಲ್ಲಿನಲ್ಲಿ ಬಣ್ಣದ ಸಾಮಗ್ರಿಯನ್ನು ನಾಲ್ಕನೆಯ ಒಂದು ಪಾಲೆಂದು ಹಿಡಿದು ಅದರಲ್ಲಿಯೂ ಅರ್ಧವನ್ನು ಬಿಡುತ್ತಾರೆ. ಹೀಗೆ ಬಂಪರಿಗೆ 2,500, ಮಡ್‌ಗಾರ್ಡಿಗೆ 2,600, ಬಣ್ಣ ಮತ್ತು ಕೂಲಿಗೆ 4,600, ಒಟ್ಟು 9,700. ಅದರಿಂದ 1500 ಸಿಸಿಯವರೆಗಿನ ಕಾರಿಗೆ ಮಾಲೀಕರೇ ಭರಿಸಬೇಕಾದ ಕಡ್ಡಾಯ ಪಾಲು 1,000 ರೂಪಾಯಿ ಕಳೆದರೆ ಉಳಿಯುವುದು 8,700. ಸವಕಳಿ ಕಳೆಯದ ‘ಜೀರೋ ಡಿಪ್ರಿಸಿಯೇಷನ್’ ಎಂಬ ಹೆಚ್ಚುವರಿ ರಕ್ಷಣೆ ಇದ್ದವರಿಗೆ ಇದಕ್ಕಿಂತ ಹೆಚ್ಚು ಸಿಗುತ್ತದೆ. ಇವರಿಗೆ ಅದು ಇರಲಿಲ್ಲ.

8,700 ರೂಪಾಯಿಗಾಗಿ 12,500 ರೂಪಾಯಿ! ಕಾಗದದ ಮೇಲೆ ಇದನ್ನು ಬರೆದು ತೋರಿಸಿದಾಗ ಸೋದರಮಾವ ಕನ್ನಡಕ ತೆಗೆದು ಮತ್ತೊಮ್ಮೆ ಕೂಡಿದರು. ಸಣ್ಣ ಹಾನಿಯಾದಾಗ ಅವಸರದಿಂದ ಕ್ಲೇಮು ಹಾಕುವ ಮೊದಲು ಪ್ರತಿಯೊಂದು ಕುಟುಂಬವೂ ಈ ಕೂಡುವ ಕಳೆಯುವ ಕೆಲಸವನ್ನು ಮಾಡಬೇಕು. ಹಾನಿ ದೊಡ್ಡದಾದಾಗ, ಅಥವಾ ಬೋನಸ್ಸು ಇನ್ನೂ ಕೆಳಗಿನ ಮೆಟ್ಟಿಲಿನಲ್ಲಿದ್ದಾಗ, ಲೆಕ್ಕ ತಲೆಕೆಳಗಾಗಬಹುದು. ಆಗ ಕ್ಲೇಮು ಹಾಕುವುದರಲ್ಲಿ ಯಾವ ತಪ್ಪೂ ಇಲ್ಲ. ಅದು ನಾವು ಹಣ ತೆತ್ತು ಪಡೆದ ಹಕ್ಕು.

ಆದರೆ ಇಲ್ಲಿ ಆ ಹಕ್ಕು ಇತ್ತೇ?

ವಿಮೆ ಕಾರಿಗೆ ಸಂಬಂಧಿಸಿದ್ದು, ಆದುದರಿಂದ ಯಾರು ಓಡಿಸಿದರೂ ಆಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಮಾಲೀಕರೇ ಓಡಿಸುತ್ತಿರಬೇಕು ಎಂದು ಮತ್ತೆ ಕೆಲವರ ತಿಳಿವಳಿಕೆ. ಎರಡೂ ಸರಿಯಲ್ಲ. ಮಾಲೀಕರ ಅನುಮತಿಯಿಂದ ಯಾರೂ ಓಡಿಸಬಹುದು. ಆದರೆ ಅಪಘಾತದ ವೇಳೆ ಆ ಬಗೆಯ ವಾಹನಕ್ಕೆ ಊರ್ಜಿತವಾದ ಲೈಸೆನ್ಸ್ ಅವರಲ್ಲಿರಬೇಕು ಎಂಬುದು ಪಾಲಿಸಿಯ ಷರತ್ತು. ಮಗನಿಗೆ ಹದಿನೆಂಟು ತುಂಬಿ ಲೈಸೆನ್ಸ್ ದೊರೆತಿದ್ದರೆ, ತಂದೆಯ ಹೆಸರಿನ ಕಾರನ್ನು ಅವನು ಕಂಬಕ್ಕೆ ಬಡಿದರೂ, ಅವನ ಹೆಸರನ್ನೇ ಬರೆದು ನೆಮ್ಮದಿಯಿಂದ ಕ್ಲೇಮು ಹಾಕಬಹುದು. ಕಲಿಯುವವರ ಲೈಸೆನ್ಸ್ ಇದ್ದು, ವಾಹನಕ್ಕೆ ‘ಎಲ್’ ಫಲಕ ಹಚ್ಚಿ, ಪಕ್ಕದಲ್ಲಿ ಲೈಸೆನ್ಸ್ ಇರುವವರು ಕುಳಿತಿದ್ದರೂ ಹಾಗೆಯೇ. ಹೊಸದಾಗಿ ಕಲಿತ ಮಕ್ಕಳಿಂದಾದ ಅಪಘಾತಗಳಲ್ಲಿ ಕೆಲವು ತಂದೆತಾಯಿಯರು ಅನವಶ್ಯಕವಾಗಿ ತಮ್ಮ ಹೆಸರನ್ನು ಬರೆಯುತ್ತಾರೆ. ಅಲ್ಲಿ ಸುಳ್ಳಿನಿಂದ ಬಿಡಿಗಾಸಿನ ಪ್ರಯೋಜನವೂ ಇಲ್ಲ.

ನಮ್ಮ ಹುಡುಗನ ಸ್ಥಿತಿ ಬೇರೆ. ಕಾಯಿದೆಯ ನಾಲ್ಕನೆಯ ವಿಧಿಯಂತೆ ಸಾರ್ವಜನಿಕ ರಸ್ತೆಯಲ್ಲಿ ಕಾರು ಓಡಿಸಲು ಹದಿನೆಂಟು ತುಂಬಿರಬೇಕು. ಹದಿನಾರು ತುಂಬಿದವರಿಗೆ ಇರುವ ಅವಕಾಶ 50 ಸಿಸಿ ಮೀರದ ಮೋಟಾರು ಸೈಕಲ್ಲಿಗೆ ಮಾತ್ರ. ಗೇರಿಲ್ಲದ ಸ್ಕೂಟರ್ ಆದರೆ ತೊಂದರೆಯಿಲ್ಲ ಎಂದು ನಂಬಿರುವ ತಾಯ್ತಂದೆಯರು ಇದನ್ನು ಗಮನಿಸಬೇಕು. ಕಾಲೇಜಿನ ಹೊರಗೆ ಸಾಲಾಗಿ ನಿಂತಿರುವ ಸ್ಕೂಟರುಗಳಲ್ಲಿ ಹೆಚ್ಚಿನವು 110 ಅಥವಾ 125 ಸಿಸಿಯವು. 2019ರ ತಿದ್ದುಪಡಿಯಿಂದ ಸೇರಿಸಲಾದ 199ಎ ವಿಧಿ ಇನ್ನೂ ಕಠಿಣವಾಗಿದೆ. ಅಪ್ರಾಪ್ತ ವಯಸ್ಕರು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಮಗುವಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ತನ್ನ ಅರಿವಿಗೆ ಬಾರದೆ ನಡೆಯಿತೆಂದು ಪೋಷಕರು ಸಾಬೀತುಪಡಿಸಿದರೆ ವಿನಾಯಿತಿ ಉಂಟು. “ಜಾಗ್ರತೆಯಿಂದ ಹೋಗಿ ಬಾ” ಎಂದವರು ಆ ವಿನಾಯಿತಿಯನ್ನು ಪ್ರಾಮಾಣಿಕವಾಗಿ ಕೇಳಲಾರರು.

ಆದುದರಿಂದ ನಿಜವನ್ನು ಬರೆದರೆ ಆ ಕ್ಲೇಮು ತಿರಸ್ಕೃತವಾಗುತ್ತದೆ. ಸುಳ್ಳನ್ನು ಬರೆದರೆ ವಂಚನೆಯಾಗುತ್ತದೆ. ಹಿಂದೆ ಭಾರತೀಯ ದಂಡ ಸಂಹಿತೆಯ 420ನೆಯ ವಿಧಿಯೆಂದು ಎಲ್ಲರ ಬಾಯಲ್ಲಿದ್ದ ಅಪರಾಧ ಈಗ, 2024ರ ಜುಲೈ 1ರಿಂದ, ಭಾರತೀಯ ನ್ಯಾಯ ಸಂಹಿತೆಯ 318ನೆಯ ವಿಧಿಯೊಳಗಿದೆ. ಸಂಖ್ಯೆ ಬದಲಾಗಿದೆ, ಅಪರಾಧ ಬದಲಾಗಿಲ್ಲ.

ಯಾರಿಗೆ ನಷ್ಟ?

ಸೋದರಮಾವ ಕೇಳಿದ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಿಲ್ಲ. ಯಾರಿಗೆ ನಷ್ಟ?

ನಮ್ಮ ಧರ್ಮಕೇಂದ್ರದಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಬಡವರಿಗಾಗಿ ಹಣ ಕೂಡಿಸುತ್ತಾರೆ. ಹಂಚಿನ ಮನೆ ಸೋರದಿದ್ದರೂ ಸೋರುತ್ತಿದೆಯೆಂದು ಹೇಳಿ ಆ ನಿಧಿಯಿಂದ ಹಣ ಪಡೆಯುವವರು ನಮ್ಮಲ್ಲಿ ಯಾರಾದರೂ ಇದ್ದಾರೆಯೇ? ಇಲ್ಲ. ಏಕೆಂದರೆ ಆ ಹಣ ಹಾಕಿದವರ ಮುಖಗಳನ್ನು ನಾವು ಬಲ್ಲೆವು. ವಿಮೆಯ ನಿಧಿಯೂ ಹನಿಗೂಡಿ ಆದ ಹಳ್ಳವೇ. ಅದರಲ್ಲಿ ರಿಕ್ಷಾ ಚಾಲಕನ ಕಂತು ಇದೆ, ಶಾಲಾ ಶಿಕ್ಷಕಿಯ ಕಂತು ಇದೆ, ಸಾಲ ಮಾಡಿ ಸ್ಕೂಟರ್ ಕೊಂಡ ನರ್ಸಿನ ಕಂತು ಇದೆ. ಕಂಪನಿ ಸರಕಾರದ್ದಾಗಲಿ ಖಾಸಗಿಯದಾಗಲಿ, ಸುಳ್ಳು ಕ್ಲೇಮುಗಳ ಭಾರವನ್ನು ಕೊನೆಗೆ ಹೊರುವವರು ಕಂತು ಕಟ್ಟುವ ಇವರೇ. ಮುಖ ಕಾಣದ ಮಾತ್ರಕ್ಕೆ ನೆರೆಯವನು ನೆರೆಯವನಲ್ಲ ಎನ್ನಲಾಗದು.

ರಾಜನ ಅಪ್ಪಣೆಯಂತೆ ಊರಿನ ಪ್ರತಿಯೊಬ್ಬರೂ ರಾತ್ರಿ ಒಂದೊಂದು ಚೊಂಬು ಹಾಲನ್ನು ಕೊಳಕ್ಕೆ ಸುರಿಯಬೇಕಿತ್ತೆಂಬ ಕಥೆ ನಿಮಗೆ ಗೊತ್ತಿದೆ. ನಾನೊಬ್ಬ ನೀರು ಹಾಕಿದರೆ ಯಾರಿಗೆ ತಿಳಿಯುತ್ತದೆ ಎಂದು ಪ್ರತಿಯೊಬ್ಬನೂ ಯೋಚಿಸಿದ. ಬೆಳಗಾದಾಗ ಕೊಳದ ತುಂಬ ನೀರು. ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಪ್ರಕಟಿಸಿದ ನೀತಿಶಾಸ್ತ್ರದ ಗ್ರಂಥದಲ್ಲಿ ಇದೇ ಬಗೆಯ ಪರೀಕ್ಷೆಯೊಂದನ್ನು ಮುಂದಿಟ್ಟ. ತೀರಿಸುವ ಮನಸ್ಸಿಲ್ಲದೆ ತೀರಿಸುತ್ತೇನೆಂದು ಮಾತು ಕೊಟ್ಟು ಸಾಲ ಪಡೆಯುವವನನ್ನು ಉದಾಹರಣೆಯಾಗಿ ತೆಗೆದುಕೊಂಡು, ಎಲ್ಲರೂ ಹೀಗೆಯೇ ಮಾಡಿದರೆ ಮಾತು ಕೊಡುವುದಕ್ಕೇ ಅರ್ಥವಿರದೆಂದು ತೋರಿಸಿದ. ಎಲ್ಲರೂ ಅರ್ಜಿಯಲ್ಲಿ ಸುಳ್ಳು ಬರೆದರೆ ಅರ್ಜಿಗೂ ಅರ್ಥವಿಲ್ಲ, ವಿಮೆಗೂ ಅರ್ಥವಿಲ್ಲ.

ವಿಮಾ ವ್ಯವಹಾರ ಇತರ ವ್ಯಾಪಾರಗಳಿಗಿಂತ ಹೆಚ್ಚಾಗಿ ನಂಬಿಕೆಯನ್ನು ಅವಲಂಬಿಸಿದೆ. 1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕಾರ್ಟರ್ ಮತ್ತು ಬೋಹಮ್ ಎಂಬವರ ನಡುವಣ ಮೊಕದ್ದಮೆಯಲ್ಲಿ ನೀಡಿದ ತೀರ್ಪು ಇದರ ಬುನಾದಿ. ವಿಮೆ ಮಾಡಿಸುವವರಿಗೆ ಮಾತ್ರ ತಿಳಿದಿರುವ ಸಂಗತಿಗಳ ಮೇಲೆ ಈ ಕರಾರು ನಿಂತಿರುವುದರಿಂದ ಎರಡೂ ಕಡೆಯವರು ಪೂರ್ಣ ಸದ್ಭಾವದಿಂದ ನಡೆಯಬೇಕೆಂಬುದು ಅದರ ಸಾರ. ನಿಮ್ಮ ಗೇಟಿನ ಕಂಬಕ್ಕೆ ಕಾರು ಬಡಿದಾಗ ಕಂಪನಿಯವರು ಅಲ್ಲಿರಲಿಲ್ಲ. ಅವರಿಗೆ ನಿಮ್ಮ ಮಾತೇ ಸಾಕ್ಷಿ.

ಹಸುವಿನ ಬಣ್ಣ

ಇದನ್ನೆಲ್ಲ ಪೀಠದ ಮೇಲೆ ನಿಂತು ಹೇಳುವ ಅರ್ಹತೆ ನನಗಿಲ್ಲ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ಸಹಾಯಕ ಗುರುವಾಗಿದ್ದಾಗ, ರಾತ್ರಿ ರೋಗಿಯೊಬ್ಬರನ್ನು ಕಂಡು ಹಿಂದಿರುಗುತ್ತಾ ನಿದ್ದೆಗಣ್ಣಿನಲ್ಲಿ ಧರ್ಮಕೇಂದ್ರದ ಜೀಪನ್ನು ಮೋರಿಯ ಕಟ್ಟೆಗೆ ಬಡಿದೆ. ಗ್ಯಾರೇಜಿನವನು ತಾನೇ ಅರ್ಜಿ ತುಂಬಿ ತಂದ. ಹಸು ಅಡ್ಡಬಂದುದರಿಂದ ಅಪಘಾತವಾಯಿತೆಂದು ಅದರಲ್ಲಿತ್ತು. ನಾನು ಓದಿದೆ, ನಾಚಿಕೆಯಿಂದ ಸುಮ್ಮನಾದೆ, ಸಹಿ ಹಾಕಿದೆ. ಮರುದಿನ ಬೆಳಗಿನ ಉಪಾಹಾರದ ವೇಳೆ ಹಿರಿಯ ಗುರುಗಳು ಆ ಕಾಗದವನ್ನು ನೋಡಿ, ರೊಟ್ಟಿಗೆ ಬೆಣ್ಣೆ ಸವರುತ್ತಾ, “ಹಸು ಯಾವ ಬಣ್ಣದ್ದು?” ಎಂದು ಕೇಳಿದರು. ನಾನು ಉತ್ತರಿಸಲಿಲ್ಲ. ಅವರು ಇನ್ನೊಂದು ಖಾಲಿ ಅರ್ಜಿ ತರಿಸಿ ನನ್ನ ಮುಂದಿಟ್ಟರು. ನನ್ನ ಅಜಾಗ್ರತೆಯಿಂದ ಎಂದು ನನ್ನ ಕೈಯಲ್ಲೇ ಬರೆಸಿದರು. ಅಜಾಗ್ರತೆಯಿಂದಾದ ಹಾನಿಯನ್ನೂ ವಿಮೆ ಭರಿಸುತ್ತದೆಂಬುದು ನನಗೆ ಆಗ ತಿಳಿದಿರಲಿಲ್ಲ. ಹಣ ಬಂತು. ಆ ಹಸು ಹಣಕ್ಕಾಗಿ ಹುಟ್ಟಿದ್ದಲ್ಲ, ನನ್ನ ಮಾನ ಕಾಪಾಡಲು ಹುಟ್ಟಿದ್ದು.

ಬಹಳಷ್ಟು ಸುಳ್ಳುಗಳು ಹುಟ್ಟುವುದು ಹೀಗೆಯೇ. ಆ ತಾಯಿಗೂ ಹಣಕ್ಕಿಂತ ಗಂಡನ ಪ್ರಶ್ನೆಯ ಭಯವೇ ದೊಡ್ಡದಾಗಿತ್ತು.

ಪ್ರೇಷಿತರ ಕಾರ್ಯಕಲಾಪಗಳ ಐದನೆಯ ಅಧ್ಯಾಯದಲ್ಲಿ ಅನನೀಯ ಮತ್ತು ಸಪ್ಫೈರಳ ಪ್ರಸಂಗವಿದೆ. ಗಂಡಹೆಂಡಿರು ಹೊಲ ಮಾರಿದ ಹಣದಲ್ಲಿ ಒಂದು ಪಾಲನ್ನು ತಮಗಾಗಿ ಇಟ್ಟುಕೊಂಡು, ಉಳಿದುದನ್ನೇ ಪೂರ್ತಿ ಹಣವೆಂದು ತಂದೊಪ್ಪಿಸಿದರು. ಹೊಲವೂ ಅವರದೇ, ಹಣವೂ ಅವರ ವಶದಲ್ಲೇ ಇದ್ದದ್ದು ಎಂದು ಪೇತ್ರನು ಅವರಿಗೆ ನೆನಪಿಸಿದನು. ಇಟ್ಟುಕೊಂಡುದು ತಪ್ಪೆಂದು ಅವನು ಹೇಳಲಿಲ್ಲ. ಇಬ್ಬರೂ ಮೊದಲೇ ಮಾತಾಡಿಕೊಂಡು ಆಡಿದ ಸುಳ್ಳು ಅವರನ್ನು ನುಂಗಿತು. ಕ್ಲೇಮು ಹಾಕಲೂ ಹಾಕದಿರಲೂ ನಾವು ಸ್ವತಂತ್ರರು. ಕುಟುಂಬವಾಗಿ ಕುಳಿತು ಸುಳ್ಳನ್ನು ಹೊಂದಿಸಿಕೊಳ್ಳಲು ಸ್ವತಂತ್ರರಲ್ಲ.

ಮಗನ ಭವಿಷ್ಯ

ಇಲ್ಲಿ ಸೋದರಮಾವ ನ್ಯಾಯವಾದ ಒಂದು ಆಕ್ಷೇಪವನ್ನು ಎತ್ತಿದರು. “ಹಾಗಾದರೆ ಮಗು ಲೈಸೆನ್ಸಿಲ್ಲದೆ ಓಡಿಸಿತೆಂದು ನಾವೇ ಹೋಗಿ ಎಲ್ಲರಿಗೂ ಸಾರಬೇಕೇ? ಇಪ್ಪತ್ತೈದರವರೆಗೆ ಅವನಿಗೆ ಲೈಸೆನ್ಸ್ ಸಿಗದಂತೆ ಮಾಡಬೇಕೇ?”

ಸುಳ್ಳು ಹೇಳುವುದಕ್ಕೂ ಸುಮ್ಮನಿರುವುದಕ್ಕೂ ವ್ಯತ್ಯಾಸವಿದೆ. ಸಂತ ಅಗಸ್ಟೀನರು ಸುಳ್ಳಿನ ಕುರಿತು ಎರಡು ಪ್ರತ್ಯೇಕ ಗ್ರಂಥಗಳನ್ನೇ ಬರೆದು ಯಾವ ಸುಳ್ಳಿಗೂ ಅವಕಾಶ ಕೊಡಲಿಲ್ಲ. ಆದರೂ ಅವರನ್ನು ಅನುಸರಿಸಿದ ಸಂತ ತೋಮಸ್ ಅಕ್ವಿನಾಸರು, ನಿಜವನ್ನು ವಿವೇಕದಿಂದ ಹೊರಗೆಡಹದೆ ಇಟ್ಟುಕೊಳ್ಳಬಹುದೆಂದು ಒಪ್ಪಿದ್ದಾರೆ. ಸ್ವಂತ ಕಾರಿನ ಹಾನಿಗೆ ಕ್ಲೇಮು ಹಾಕಲೇಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ. ಸ್ವಂತ ಕಂಬ, ಸ್ವಂತ ಬಂಪರು. ಸ್ವಂತ ಹಣದಿಂದ ರಿಪೇರಿ ಮಾಡಿಸಿ ಸುಮ್ಮನಿದ್ದರೆ ಅದು ಸುಳ್ಳಾಗದು, ಯಾರ ಹಕ್ಕನ್ನೂ ಕಸಿದಂತಾಗದು.

ಈ ಮೌನಕ್ಕೂ ಒಂದು ಮೇರೆಯಿದೆ. ಇನ್ನೊಬ್ಬರಿಗೆ ಗಾಯವಾಗಿದ್ದರೆ, ಅಥವಾ ಇನ್ನೊಬ್ಬರ ಸೊತ್ತಿಗೆ ಹಾನಿಯಾಗಿದ್ದರೆ, ಮೌನ ಅಲ್ಲಿಗೇ ನಿಲ್ಲಬೇಕು. ಕಾಯಿದೆಯ 134ನೆಯ ವಿಧಿಯಂತೆ ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಹೆಚ್ಚೆಂದರೆ 24 ಗಂಟೆಗಳೊಳಗೆ ಸಮೀಪದ ಠಾಣೆಗೆ ತಿಳಿಸಬೇಕು, ವಿಮಾ ಕಂಪನಿಗೂ ಲಿಖಿತ ಮಾಹಿತಿ ಕೊಡಬೇಕು. ಲೈಸೆನ್ಸ್ ಇಲ್ಲದವರು ಓಡಿಸಿದ್ದರೂ ಗಾಯಾಳು ಬರಿಗೈಯಲ್ಲಿ ಹೋಗಬಾರದೆಂಬ ಕಾಳಜಿಯಿಂದ, ಕಂಪನಿ ಮೊದಲು ಪರಿಹಾರ ಕೊಟ್ಟು ಅನಂತರ ಮಾಲೀಕರಿಂದ ವಸೂಲು ಮಾಡಿಕೊಳ್ಳುವ ಮಾರ್ಗವನ್ನು ಸರ್ವೋಚ್ಚ ನ್ಯಾಯಾಲಯವು 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಮಗನ ಭವಿಷ್ಯ ಹಾಳಾಗುತ್ತದೆಂದು ಅಲ್ಲಿ ಹೆಸರು ಬದಲಿಸಿದರೆ, ಗಾಯಗೊಂಡವನ ನ್ಯಾಯವನ್ನೇ ಪಣಕ್ಕಿಟ್ಟಂತೆ. ಮಾಡಿದ ಹಾನಿಯನ್ನು ತುಂಬಿಕೊಡುವುದು ದಾನವಲ್ಲ, ಋಣ ಎಂಬುದು ಅಕ್ವಿನಾಸರ ಬೋಧನೆ. ಆ ಋಣದಲ್ಲಿ ರಿಯಾಯಿತಿ ಇಲ್ಲ.

ಮಗನ ಭವಿಷ್ಯವೆಂದರೆ ಅವನ ಲೈಸೆನ್ಸ್ ಮಾತ್ರವೇ? “ನಾನು ಏನು ಹೇಳಬೇಕು?” ಎಂದು ಕೇಳಿದ ಆ ಹುಡುಗನನ್ನು ಮತ್ತೆ ನೆನಪಿಸಿಕೊಳ್ಳಿ. ಅವನು ತಪ್ಪು ಮಾಡಿದ್ದ, ಅದು ಅವನಿಗೆ ಗೊತ್ತಿತ್ತು. ಶಿಕ್ಷೆಗೂ ಸಿದ್ಧನಿದ್ದ. ಅವನನ್ನು ಪ್ರೀತಿಸುವ ಇಬ್ಬರು ಹಿರಿಯರು, ಪ್ರೀತಿಯ ಕಾರಣದಿಂದಲೇ, ಅವನಿಂದ ಅವನ ತಪ್ಪನ್ನು ಕಿತ್ತುಕೊಂಡು ಬದಲಿಗೆ ಒಂದು ಸುಳ್ಳನ್ನು ಕೊಡಹೊರಟಿದ್ದರು. ಕಂಬಕ್ಕೆ ಬಡಿದುದು ಒಂದು ಕ್ಷಣದ ಎಡವಟ್ಟು. ಮಾವ ಓಡಿಸಿದರೆಂಬ ಮಾತನ್ನು ಅವನು ಎಷ್ಟು ವರ್ಷ ಹೊರಬೇಕಿತ್ತು? ಮುಂದೊಂದು ದಿನ ಅಂಕಪಟ್ಟಿಯ ಬಗ್ಗೆಯೋ ಹಣದ ಬಗ್ಗೆಯೋ ಅವನು ಮನೆಯಲ್ಲಿ ಸುಳ್ಳು ಹೇಳಿದರೆ ತಾಯಿ ಯಾವ ಬಾಯಿಯಿಂದ ಪ್ರಶ್ನಿಸುವುದು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಗಿಡವನ್ನು ಯಾವ ಕಡೆಗೆ ಬಗ್ಗಿಸುತ್ತಿದ್ದೇವೆ ಎಂಬುದನ್ನೂ ನೋಡಿಕೊಳ್ಳಬೇಕಾಗಿದೆ.

ನಾನು ಹುಡುಗನಿಗೆ ಹೇಳಿದೆ: “ಯಾರು ಕೇಳಿದರೂ ನಡೆದುದನ್ನೇ ಹೇಳು. ನಿನಗೆ ಬೇರೆ ಏನನ್ನೂ ಹೇಳಬೇಕಾಗಿ ಬಾರದಂತೆ ನೋಡಿಕೊಳ್ಳುವುದು ನಿನ್ನ ಅಮ್ಮನ ಮತ್ತು ಮಾವನ ಕೆಲಸ.” ಸೋದರಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕವರಿನಿಂದ ಜೆರಾಕ್ಸ್ ಪ್ರತಿಯನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು.

ಅದೇ ರಾತ್ರಿ ತಾಯಿ ಗಂಡನಿಗೆ ಫೋನು ಮಾಡಿದರು. ಅವರು ಮೊದಲು ಕೇಳಿದ್ದು ಮಗನಿಗೆ ಪೆಟ್ಟಾಯಿತೇ ಎಂದು. ಅನಂತರ ಗದರಿದರಂತೆ, ಮಗನನ್ನೂ ಹೆಂಡತಿಯನ್ನೂ. ಅದು ಇರಬೇಕಾದದ್ದೇ. ಕಾರಿನ ಬಿಲ್ಲನ್ನು ಉಳಿತಾಯದ ಹಣದಿಂದ ತೆತ್ತರು. ಹುಡುಗನಿಗೆ ಕ್ರಿಸ್ಮಸ್ಸಿಗೆ ಬರಬೇಕಾಗಿದ್ದ ಹೊಸ ಮೊಬೈಲು ಮುಂದಕ್ಕೆ ಹೋಯಿತು. ಕಂಬವನ್ನು ಕಟ್ಟಲು ಮೇಸ್ತ್ರಿ ಬಂದಾಗ ಎರಡು ದಿನ ಹುಡುಗನೇ ಕಲ್ಲು ಹೊತ್ತು, ಸಿಮೆಂಟು ಕಲಸಿದ. ಕಾರಿನ ಕೀಲಿ ಈಗ ತಾಯಿಯ ಕಪಾಟಿನಲ್ಲಿದೆ. ಬರುವ ಫೆಬ್ರವರಿಯಲ್ಲಿ ಅವನಿಗೆ ಹದಿನೆಂಟು ತುಂಬುತ್ತದೆ, ಕಲಿಯುವವರ ಲೈಸೆನ್ಸಿಗೆ ಅರ್ಜಿ ಹಾಕಲಿದ್ದಾನೆ.

ಪ್ರಿಯ ತಂದೆತಾಯಿಯರೇ, ಮಕ್ಕಳು ವಾಹನದ ಆಸೆ ಪಡುವುದು ಸಹಜ, ಸಣ್ಣಪುಟ್ಟ ಅಪಘಾತಗಳೂ ಸಹಜ. ಹದಿನೆಂಟು ತುಂಬುವ ಮೊದಲು ಕೀಲಿಯನ್ನು ಅವರ ಕೈಗೆ ಸಿಗದಂತಿಡಿ. ಅಜ್ಜಿಯ ಮಾತ್ರೆಯನ್ನು ಒಂದು ವಾರ ಮುಂಚಿತವಾಗಿ ತರಿಸಿಡಿ. ಮಳೆಯ ರಾತ್ರಿ ತುರ್ತು ಬಂದರೆ ನೆರೆಯವರ ಬಾಗಿಲು ತಟ್ಟಲು ಸಂಕೋಚಪಡಬೇಡಿ. ಮಕ್ಕಳಿಗೆ ಲೈಸೆನ್ಸ್ ಬಂದ ದಿನ ವಿಮೆಯ ಪಾಲಿಸಿಯನ್ನು ಮೇಜಿನ ಮೇಲೆ ಹರಡಿ ಅವರೊಡನೆ ಕುಳಿತು ಓದಿ. ಬಂಪರು ಒಡೆದ ದಿನ ಅವರನ್ನೂ ಕೂಡಿಸಿಕೊಂಡು ಲೆಕ್ಕ ಹಾಕಿ. ಕ್ಲೇಮು ಹಾಕುವುದಾದರೆ ಓಡಿಸಿದವರ ಹೆಸರನ್ನೇ ಬರೆಯಿರಿ. ಆ ಹೆಸರನ್ನು ಬರೆಯಲಾಗದಿದ್ದರೆ ಅರ್ಜಿಯನ್ನು ಮಡಿಸಿಟ್ಟು ಸ್ವಂತ ಹಣವನ್ನು ತೆರಿ. ಆ ದಿನ ಕೈಯಿಂದ ಸ್ವಲ್ಪ ಹಣ ಹೋಗುತ್ತದೆ ನಿಜ. ಆದರೆ ಮಗನ ಕಣ್ಣನ್ನು ನೋಡಿ ಮಾತಾಡುವ ಅಧಿಕಾರ ನಿಮ್ಮಲ್ಲೇ ಉಳಿಯುತ್ತದೆ.